ಗೊಬ್ಬರ ಹಾಕಿದರೂ ಗಿಡ ಹಸಿರಾಗದಿದ್ದಾಗ: ಕೊಡಗಿನ ತೋಟ, ಗದ್ದೆಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಕೊಟ್ಟಿಗೆ ಗೊಬ್ಬರಕ್ಕೂ ಹೊರ ಜಿಲ್ಲೆಗಳಿಂದ ಲಾರಿಯಲ್ಲಿ ಬರುವ ಕೋಳಿ ಗೊಬ್ಬರಕ್ಕೂ ನಮ್ಮ ಕಡೆಯ ಬೆಳೆಗಾರರು ಮಾಡುವ ಖರ್ಚು ಸಣ್ಣದಲ್ಲ. ಅದನ್ನು ಇಳಿಜಾರಿನ ತೋಟದಲ್ಲಿ ಹೊತ್ತು ಗಿಡಗಿಡದ ಬುಡಕ್ಕೆ ಮುಟ್ಟಿಸುವ ಕೂಲಿಯೂ ಹಗುರವಾದುದಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕಾಫಿಯ ಎಲೆ ಹಳದಿಯಾಗಿಯೇ ಉಳಿದರೆ, ಅಥವಾ ಶುಂಠಿ ಮಡಿ ಗೊಬ್ಬರ ಬೀಳುವುದಕ್ಕಿಂತ ಮೊದಲು ಇದ್ದುದಕ್ಕಿಂತಲೂ ಪೇಲವವಾಗಿ ಕಂಡರೆ, ಗೊಬ್ಬರವೇ ಕಳಪೆಯೆಂದು ತೀರ್ಮಾನಿಸಿ ಮರುದಿನವೇ ಯೂರಿಯಾ ಚೀಲ ಬಿಚ್ಚುವವರು ಹಲವರು. ಆ ತೀರ್ಮಾನ ಹೆಚ್ಚಿನ ಸಲ ತಪ್ಪಾಗಿರುತ್ತದೆ ಎಂಬುದು ನನ್ನ ಅನುಭವ. ಗೊಬ್ಬರದಲ್ಲಿ ಸಾರಜನಕ ಇದ್ದೇ ಇರುತ್ತದೆ. ಅದು ಬಿಡುಗಡೆಯಾಗುವ ಹೊತ್ತು, ಗಿಡ ಬೇಡುವ ಹೊತ್ತು, ಮಳೆ ಸುರಿಯುವ ಹೊತ್ತು ಈ ಮೂರೂ ಕೂಡಿಬರದಿರುವುದೇ ನಿಜವಾದ ದೋಷ. ಆ ದೋಷ ಎಲ್ಲಿ ನಡೆದಿದೆ ಎಂಬುದನ್ನು ಕಣ್ಣಿಗೆ ಬೀಳುವ ಲಕ್ಷಣಗಳಿಂದಲೇ ಹಿಡಿಯುವ ದಾರಿಯನ್ನು, ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ, ಇಲ್ಲಿ ಬರೆದಿದ್ದೇನೆ.

ಪರೀಕ್ಷೆಗೆ ಮುನ್ನ ತಿಳಿದಿರಬೇಕಾದ ವಿಷಯ

ಸಗಣಿಯ ಸಾರಜನಕದ ಬಹುಪಾಲು ಪ್ರೋಟೀನಿನಂತಹ ಸಾವಯವ ವಸ್ತುಗಳೊಳಗೆ ಬಂಧಿಯಾಗಿರುತ್ತದೆ, ಬೇರು ಅದನ್ನು ಹಾಗೆಯೇ ಹೀರಲಾರದು. ಮಣ್ಣಿನ ಸೂಕ್ಷ್ಮಜೀವಿಗಳು ಆ ವಸ್ತುವನ್ನು ತಿಂದು, ತಮಗೆ ಹೆಚ್ಚಾದುದನ್ನು ಅಮೋನಿಯಂ ರೂಪದಲ್ಲಿ ಹೊರಬಿಡುತ್ತವೆ. ಬಳಿಕ ಗಾಳಿಯಾಡುವ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಮೋನಿಯಂ ಧನ ವಿದ್ಯುದಂಶ ಉಳ್ಳದ್ದರಿಂದ ಜೇಡಿಯ ಕಣಕ್ಕೂ ಕಳಿತ ಸಾವಯವ ವಸ್ತುವಾದ ಹ್ಯೂಮಸ್ಸಿಗೂ ಅಂಟಿಕೊಳ್ಳುತ್ತದೆ. ನೈಟ್ರೇಟ್ ಋಣ ವಿದ್ಯುದಂಶ ಉಳ್ಳದ್ದು, ನೀರು ಹೋದಲ್ಲಿಗೆ ಹೋಗುತ್ತದೆ. ಕೊಡಗಿನಂತಹ ಮಳೆನಾಡಿನಲ್ಲಿ ಈ ಒಂದು ವ್ಯತ್ಯಾಸವೇ ಅರ್ಧ ಸಮಸ್ಯೆಗಳ ಬೇರು.

ಗಂಜಲದ ಕಥೆ ಬೇರೆ. ಅದರಲ್ಲಿರುವ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಾ ಆಗಿಬಿಡುತ್ತದೆ. ಹಸು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲೇ ಇರುವುದರಿಂದ, ಗಂಜಲವನ್ನು ಚರಂಡಿಗೆ ಬಿಟ್ಟು ಸಗಣಿಯನ್ನಷ್ಟೇ ಕೂಡಿಡುವ ಕೊಟ್ಟಿಗೆಯ ಗೊಬ್ಬರ ಬಡವಾಗಿಯೇ ಹುಟ್ಟುತ್ತದೆ. ಕೋಳಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಅದೂ ಬೇಗ ಒಡೆಯುವಂಥದ್ದೇ.

ಅಳತೆಯ ಅಂದಾಜೂ ಇರಲಿ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸಿನಲ್ಲಿರುತ್ತದೆ, ಎಂದರೆ ಒಂದು ಟನ್ನಿಗೆ 5 ಕಿಲೋ. ಅದರಲ್ಲಿ ಮೊದಲ ವರ್ಷ ಬೆಳೆಗೆ ಸಿಗುವುದು ಸುಮಾರು ಮೂರನೇ ಒಂದು ಪಾಲು, ಅಂದರೆ ಒಂದೂವರೆ ಕಿಲೋಗಿಂತ ತುಸು ಹೆಚ್ಚು. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ 20 ಕಿಲೋಗಿಂತ ಹೆಚ್ಚು ಸಾರಜನಕವಿದೆ. ಮೊದಲ ವರ್ಷದ ಲೆಕ್ಕವನ್ನಷ್ಟೇ ನೋಡಿದರೆ ಒಂದು ಚೀಲ ಯೂರಿಯಾದ ಜಾಗ ತುಂಬಲು ಹನ್ನೆರಡು, ಹದಿಮೂರು ಟನ್ ಕೊಟ್ಟಿಗೆ ಗೊಬ್ಬರ ಬೇಕಾಗುತ್ತದೆ. ಇದು ಗೊಬ್ಬರದ ನಿಂದೆಯಲ್ಲ: ಉಳಿದ ಪಾಲು ಮಣ್ಣಿನಲ್ಲೇ ಇದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ, ಮಣ್ಣಿನ ನೀರು ಹಿಡಿಯುವ ಶಕ್ತಿಯನ್ನೂ ಹೆಚ್ಚಿಸುತ್ತದೆ. ಆದರೆ ಗಿಡಕ್ಕೆ ಒಂದೊಂದು ಬುಟ್ಟಿ ಹಾಕಿ ಹದಿನೈದು ದಿನಗಳಲ್ಲಿ ಕಪ್ಪು ಹಸಿರನ್ನು ನಿರೀಕ್ಷಿಸಿದವರಿಗೆ ಈ ಲೆಕ್ಕವೇ ಮೊದಲ ಉತ್ತರ.

ಲಕ್ಷಣ: ಎಲೆ ಹಳದಿಯಾಗಿದೆ, ಆದರೆ ಕಾರಣ ಸಾರಜನಕವೇ ಎಂಬುದು ಖಚಿತವಿಲ್ಲ

ಇಲ್ಲಿಂದಲೇ ಆರಂಭಿಸಬೇಕು, ಏಕೆಂದರೆ ಇದಕ್ಕೆ ಖರ್ಚೇನೂ ಇಲ್ಲ. ಬೆಳಗಿನ ಬೆಳಕಿನಲ್ಲಿ ಗಿಡದ ಮುಂದೆ ನಿಂತು, ಯಾವ ಎಲೆ ಮೊದಲು ಹಳದಿಯಾಗಿದೆ ಎಂಬುದನ್ನು ನೋಡಿ. ಸಾರಜನಕದ ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ಹಿಂದಕ್ಕೆಳೆದು ಹೊಸ ಚಿಗುರಿಗೆ ಕೊಡುತ್ತದೆ. ಆದ್ದರಿಂದ ರೆಕ್ಕೆಯ (ಅಡ್ಡ ಕೊಂಬೆಯ) ಒಳಭಾಗದ ಹಳೆಯ ಎಲೆಗಳು ನರವೂ ಸೇರಿ ಒಂದೇ ಸಮನಾಗಿ ಪೇಲವವಾಗುತ್ತವೆ. ಹಳೆಯ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕಡೆ ನೋಡಬೇಕು. ಎಳೆಯ ಎಲೆಯಲ್ಲಿ ಅದೇ ಚಿತ್ರ ಕಂಡರೆ ಕಬ್ಬಿಣವನ್ನೋ ಸತುವನ್ನೋ ಶಂಕಿಸಬೇಕು. ಹಳೆಯ ಎಲೆಯ ಅಂಚು ಸುಟ್ಟಂತಾಗಿದ್ದರೆ ಪೊಟ್ಯಾಷ್ ಕೊರತೆಯಿರಬಹುದು.

ಎಲೆಯ ನಂತರ ಕಾಂಡ ಮತ್ತು ಬೇರು. ಅರೇಬಿಕಾ ಗಿಡವೊಂದು ಮಾತ್ರ ಹಳದಿಯಾಗಿ, ಸುತ್ತಲಿನವು ಚೆನ್ನಾಗಿದ್ದರೆ, ಕಾಂಡದ ಮೇಲೆ ಕೈಯಾಡಿಸಿ ಏಣು ಎದ್ದಿದೆಯೇ ನೋಡಿ. ಅದು ಬಿಳಿ ಕಾಂಡಕೊರಕದ ಗುರುತು. ಕಾಳುಮೆಣಸಿನ ಬಳ್ಳಿ ಹಳದಿಯಾಗುತ್ತ ಎಲೆ ಉದುರಿಸುತ್ತಿದ್ದರೆ ಸೊರಗು ರೋಗವನ್ನು ಮೊದಲು ತಳ್ಳಿಹಾಕಬೇಕು. ಶುಂಠಿಯ ಗಿಡವನ್ನು ಮೆಲ್ಲನೆ ಎಳೆದಾಗ ಬುಡದಿಂದಲೇ ಕಳಚಿ ಬಂದು ಕೊಳೆತ ವಾಸನೆ ಬಂದರೆ ಅದು ಗೆಡ್ಡೆ ಕೊಳೆ. ಇವುಗಳಲ್ಲಿ ಯಾವುದೇ ಕಂಡರೂ ಈ ಕೈಪಿಡಿಯನ್ನು ಇಲ್ಲಿಗೇ ನಿಲ್ಲಿಸಿ, ರೋಗದ ಬಗ್ಗೆ ತಿಳಿದವರನ್ನು ಕಾಣಿ. ರೋಗಪೀಡಿತ ಬೇರಿಗೆ ಇನ್ನಷ್ಟು ಗೊಬ್ಬರ ಹಾಕುವುದರಿಂದ ಆಗುವುದು ಹಾನಿಯೇ.

ರೋಗವಿಲ್ಲ, ಹಳದಿಯೂ ಹಳೆಯ ಎಲೆಯಲ್ಲೇ ಇದೆ ಎಂದಾದರೆ ಇನ್ನೊಂದು ಅಗ್ಗದ ಪರೀಕ್ಷೆಯಿದೆ, ನನಗೆ ಬಹಳ ನಂಬಿಕೆಯಿರುವ ಪರೀಕ್ಷೆ. ಒಂದೇ ಸಾಲಿನಲ್ಲಿ ಫಸಲು ಕೊಡುವ ಐದು ಕಾಫಿ ಗಿಡಗಳಿಗೆ ಗುರುತಿನ ದಾರ ಕಟ್ಟಿ, ಮಣ್ಣು ಹಸಿಯಿರುವಾಗ ತಲಾ 50 ಗ್ರಾಂ ಯೂರಿಯಾವನ್ನು ಬುಡದಿಂದ ದೂರ, ರೆಕ್ಕೆಯ ನೆರಳು ಬೀಳುವ ವೃತ್ತದಲ್ಲಿ ಹರಡಿ, ತರಗೆಲೆಯಿಂದ ಮುಚ್ಚಿ. ಶುಂಠಿಯಾದರೆ ಒಂದು ಚದರ ಮೀಟರ್ ಮಡಿಗೆ 10 ಗ್ರಾಂ ಸಾಕು. ಎರಡು ಮೂರು ವಾರಗಳಲ್ಲಿ ಆ ಐದು ಗಿಡಗಳು ಮಾತ್ರ ಹಸಿರಿಗೆ ತಿರುಗಿದರೆ ಕೊರತೆ ಸಾರಜನಕದ್ದೇ, ಗೊಬ್ಬರದಿಂದ ಅದು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಅವೂ ಹಾಗೆಯೇ ಉಳಿದರೆ ದೋಷ ಬೇರೆಡೆ ಇದೆ, ಮಣ್ಣು ಪರೀಕ್ಷೆಗೇ ಹೋಗಬೇಕು.

ಲಕ್ಷಣ: ತಿಪ್ಪೆಯ ಬಳಿ ಮೂಗು ಉರಿಯುತ್ತದೆ, ಅಥವಾ ಬುಡದಿಂದ ಕಂದು ನೀರು ಹರಿಯುತ್ತದೆ

ಗೊಬ್ಬರ ತೋಟಕ್ಕೆ ಹೋಗುವ ಮೊದಲೇ ಸಾರಜನಕ ಹೋಗುತ್ತಿರುವುದರ ಗುರುತು ಇವೆರಡು. ಮೂಗಿಗೆ ಚುಚ್ಚುವ ಘಾಟು ಅಮೋನಿಯಾದ್ದು. ನೀವು ಉಸಿರಾಡುತ್ತಿರುವುದು ನಿಮ್ಮ ಹಣವನ್ನೇ. ಬಿಸಿಲು, ಗಾಳಿ, ಪದೇ ಪದೇ ಮಗುಚುವುದು ಇವೆಲ್ಲ ನಷ್ಟವನ್ನು ಹೆಚ್ಚಿಸುತ್ತವೆ. ತಿಪ್ಪೆಗೆ ಸುಣ್ಣ ಬೆರೆಸುವುದು ಇನ್ನೂ ದೊಡ್ಡ ತಪ್ಪು: ಕ್ಷಾರತೆ ಹೆಚ್ಚಿದಷ್ಟೂ ಅಮೋನಿಯಂ ಅನಿಲವಾಗಿ ಹಾರಿಹೋಗುತ್ತದೆ. ತೋಟದಲ್ಲಿಯೂ ಸುಣ್ಣ ಹಾಕಿದ ಮೇಲೆ ಗೊಬ್ಬರಕ್ಕೆ ಕನಿಷ್ಠ ಮೂರು ನಾಲ್ಕು ವಾರಗಳ ಅಂತರ ಕೊಡಬೇಕು.

ಕಂದು ನೀರು ಮಳೆಗಾಲದ ನಷ್ಟ. ಕರಗಿದ ಸಾರಜನಕವೂ ಪೊಟ್ಯಾಷೂ ಅದರಲ್ಲಿ ಹರಿದು ತೋಡು ಸೇರುತ್ತವೆ. ಇಲ್ಲಿಯ ಜೂನ್, ಜುಲೈ ಮಳೆಗೆ ಮಾಡು (ಚಾವಣಿ) ಇಲ್ಲದೆ ಬಿಟ್ಟ ತಿಪ್ಪೆ ಸೆಪ್ಟೆಂಬರಿಗೆ ಉಳಿಸಿಕೊಳ್ಳುವುದು ಬಹುಮಟ್ಟಿಗೆ ನಾರನ್ನು ಮಾತ್ರ. ಒಂದು ತಗಡಿನ ಮಾಡು, ಅದೂ ಆಗದಿದ್ದರೆ ಟಾರ್ಪಾಲು, ಮೇಲಿನಿಂದ ಇಳಿಯುವ ನೀರನ್ನು ತಿರುಗಿಸಲು ಒಂದು ಸಣ್ಣ ಕಾಲುವೆ, ಗಂಜಲ ಹೀರಲು ಕೊಟ್ಟಿಗೆಯಲ್ಲಿ ಹುಲ್ಲಿನದೋ ತರಗೆಲೆಯದೋ ಹಾಸು, ಇಷ್ಟಿದ್ದರೆ ಸಾಕು. ಈ ಕೈಪಿಡಿಯ ಎಲ್ಲ ಪರಿಹಾರಗಳಲ್ಲಿ ಖರ್ಚಿಗೆ ತಕ್ಕ ಲಾಭ ಅತಿ ಹೆಚ್ಚು ಕೊಡುವುದು ಆ ಮಾಡೇ ಎಂದು ನಾನು ಹೇಳುತ್ತೇನೆ.

ಲಕ್ಷಣ: ಗೊಬ್ಬರ ಹಾಕಿದ ಎರಡು, ಮೂರು ವಾರಗಳಲ್ಲಿ ಗಿಡ ಮೊದಲಿಗಿಂತ ಹೆಚ್ಚು ಹಳದಿಯಾಗಿದೆ

ಜನರನ್ನು ಅತಿ ಹೆಚ್ಚು ಗೊಂದಲಕ್ಕೆ ತಳ್ಳುವ ಲಕ್ಷಣ ಇದೇ. ಕೊಟ್ಟದ್ದು ಊಟ, ಆದದ್ದು ಉಪವಾಸ. ಕಾರಣ ಗೊಬ್ಬರದಲ್ಲಿರುವ ಇಂಗಾಲ. ಸೂಕ್ಷ್ಮಜೀವಿಗೂ ಮೈ ಕಟ್ಟಲು ಸಾರಜನಕ ಬೇಕು. ಅದಕ್ಕೆ ಸಿಕ್ಕ ಆಹಾರದಲ್ಲಿ ಇಂಗಾಲವೇ ತುಂಬಿ ಸಾರಜನಕ ಕಡಿಮೆಯಿದ್ದರೆ, ಕೊರತೆಯನ್ನು ಅದು ಮಣ್ಣಿನಲ್ಲಿ ಮೊದಲೇ ಇದ್ದ ಅಮೋನಿಯಂ, ನೈಟ್ರೇಟುಗಳಿಂದ ತುಂಬಿಕೊಳ್ಳುತ್ತದೆ. ಬೇರಿಗೂ ಸೂಕ್ಷ್ಮಜೀವಿಗೂ ಪೈಪೋಟಿ ಬಿದ್ದಾಗ ಮೊದಲು ಗೆಲ್ಲುವುದು ಸೂಕ್ಷ್ಮಜೀವಿಯೇ.

ಒಂದು ಭಾಗ ಸಾರಜನಕಕ್ಕೆ ಎಷ್ಟು ಭಾಗ ಇಂಗಾಲ ಎಂಬ ಲೆಕ್ಕ ಇಲ್ಲಿ ನಿರ್ಣಾಯಕ. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಬಿಡುಗಡೆ, ಮೂವತ್ತಕ್ಕಿಂತ ಹೆಚ್ಚಿದ್ದರೆ ಸೆರೆ, ನಡುವೆ ಇದ್ದರೆ ಎರಡೂ ಸರಿಸುಮಾರು ಸಮ. ಬರೀ ಕೋಳಿ ಹಿಕ್ಕೆ ಹತ್ತರ ಆಸುಪಾಸಿನದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹದಿನೈದರಿಂದ ಇಪ್ಪತ್ತು, ಭತ್ತದ ಹುಲ್ಲು ಅರವತ್ತಕ್ಕೂ ಮೇಲೆ, ಮರದ ಹೊಟ್ಟು ನೂರುಗಟ್ಟಲೆ. ಲಾರಿಯಲ್ಲಿ ಬಂದ ಕೋಳಿ ಗೊಬ್ಬರದಲ್ಲಿ ಹಿಕ್ಕೆಗಿಂತ ಹಾಸಿನ ಮರದ ಹೊಟ್ಟೇ ಹೆಚ್ಚಿದ್ದರೆ ಅದರ ನಡತೆ ಕೋಳಿ ಗೊಬ್ಬರದ್ದಾಗಿರುವುದಿಲ್ಲ, ಹೊಟ್ಟಿನದ್ದಾಗಿರುತ್ತದೆ. ಒಂದು ವರ್ಷ ನನ್ನ ಶುಂಠಿ ಮಡಿಗಳಿಗೆ ಅಂತಹುದೇ ಒಂದು ಲೋಡು ಬಿತ್ತು. ಕೈಗೆತ್ತಿ ನೋಡದೆ ಇಳಿಸಿಕೊಂಡದ್ದು ನನ್ನ ತಪ್ಪು. ತಿಂಗಳೊಳಗೆ ಗೊಬ್ಬರ ಹಾಕದೆ ಉಳಿದಿದ್ದ ಮೂರು ಮಡಿಗಳೇ ಉಳಿದವುಗಳಿಗಿಂತ ಹಸಿರಾಗಿ ಎದ್ದು ಕಾಣುತ್ತಿದ್ದವು. ಆ ಮೂರು ಮಡಿಗಳನ್ನು ನೋಡಿಯೇ ನನಗೆ ಈ ವಿಷಯ ಮನಸ್ಸಿಗೆ ಇಳಿದದ್ದು.

ಪರೀಕ್ಷೆ ಸುಲಭ. ಒಂದು ಹಿಡಿ ಗೊಬ್ಬರ ತೆಗೆದುಕೊಂಡು ಬೆರಳಿನಲ್ಲಿ ಉಜ್ಜಿ. ಹುಲ್ಲು, ಹೊಟ್ಟು, ಸಿಲ್ವರ್ ಓಕ್ ಎಲೆಯ ಚೂರು ಗುರುತಿಸುವಂತಿದ್ದು, ಎಳೆದರೆ ತುಂಡಾಗದಿದ್ದರೆ ಗೊಬ್ಬರ ಕಳಿತಿಲ್ಲ. ತಿಪ್ಪೆಯ ನಡುವಿಗೆ ಒಂದು ಕಬ್ಬಿಣದ ಸರಳನ್ನು ತೂರಿಸಿ, ಕಾಲು ಗಂಟೆ ಬಿಟ್ಟು ಹೊರತೆಗೆದು ಮುಟ್ಟಿ. ಬಿಸಿಯಾಗಿದ್ದರೆ ಕಳಿಯುವ ಕೆಲಸ ಇನ್ನೂ ನಡೆದಿದೆ. ಮೂರನೆಯದು ಚೀಲದ ಪರೀಕ್ಷೆ: ಹಿಂಡಿದರೆ ಹನಿ ಬೀಳದಷ್ಟು ಹಸಿಯಾದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೆರಳಿನಲ್ಲಿ ಒಂದು ವಾರ ಇಟ್ಟು ಬಿಚ್ಚಿ. ಮೊದಲ ಮಳೆಯ ಮಣ್ಣಿನಂತಹ ವಾಸನೆ ಬಂದರೆ ಕಳಿತಿದೆ. ಘಾಟೋ ಕೊಳೆತ ನಾತವೋ ಬಂದರೆ ಕಳಿತಿಲ್ಲ.

ಪರಿಹಾರದಲ್ಲಿ ಎರಡು ದಾರಿಗಳಿವೆ. ಗೊಬ್ಬರ ಈಗಾಗಲೇ ಮಣ್ಣಿಗೆ ಸೇರಿಬಿಟ್ಟಿದ್ದರೆ, ಸೆರೆ ಬಿಡುವ ತನಕ ಗಿಡವನ್ನು ಉಳಿಸಿಕೊಳ್ಳಲು ಬೇಗ ಸಿಗುವ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಹಾಕಬಹುದು, ಇಲ್ಲವೇ ಮೇಲೆ ಹೇಳಿದ ಅಳತೆಯ ಯೂರಿಯಾ ಕೊಡಬಹುದು. ಹುಲ್ಲು ಬೆರೆತ ಗೊಬ್ಬರದಲ್ಲಿ ಈ ಸೆರೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಸಡಿಲವಾಗುತ್ತದೆ, ಸೂಕ್ಷ್ಮಜೀವಿಗಳು ಸತ್ತು ಅವುಗಳ ಮೈಯ ಸಾರಜನಕವೇ ಗಿಡಕ್ಕೆ ಬರತೊಡಗುತ್ತದೆ. ಮರದ ಹೊಟ್ಟಾದರೆ ಇನ್ನೂ ಹೆಚ್ಚು ಕಾಯಬೇಕು. ಗೊಬ್ಬರ ಇನ್ನೂ ಮಣ್ಣಿನೊಳಕ್ಕೆ ಹೋಗದೆ ಮೇಲೆಯೇ ಇದ್ದರೆ ದಯವಿಟ್ಟು ಅಗೆದು ಬೆರೆಸಬೇಡಿ, ಹೊದಿಕೆಯಾಗಿ ಮೇಲೆಯೇ ಇರಲಿ. ಮೇಲೆ ಹಾಸಿದ ಹೊಟ್ಟು ಬೇರಿನ ವಲಯದ ಸಾರಜನಕವನ್ನು ಅಷ್ಟಾಗಿ ಕಸಿಯುವುದಿಲ್ಲ. ಮುಂದಿನ ಸಲ ತಿಪ್ಪೆ ಕಟ್ಟುವಾಗ ಹಾಲುವಾಣದ ಸೊಪ್ಪನ್ನು ಪದರ ಪದರವಾಗಿ ಸೇರಿಸಿ. ನೆರಳು ತೆಗೆಯುವ ಕಾಲದಲ್ಲಿ ಹೇಗೂ ಸಿಗುವ ಈ ಸೊಪ್ಪು ದ್ವಿದಳ ಜಾತಿಯ ಮರದ್ದಾದ್ದರಿಂದ ಸಾರಜನಕ ಹೆಚ್ಚು, ಕಳಿಯುವುದೂ ಬೇಗ.

ಲಕ್ಷಣ: ತಿಂಗಳುಗಳು ಕಳೆದರೂ ಗೊಬ್ಬರ ಹಾಕಿದಂತೆಯೇ ಇದೆ

ತರಗೆಲೆ ಸರಿಸಿ ನೋಡಿದಾಗ ಸಗಣಿಯ ಹೆಂಟೆ ಹಾಗೆಯೇ ಒಣಗಿ ಕುಳಿತಿದ್ದರೆ ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡುವ ಅನುಕೂಲವಿಲ್ಲ ಎಂದರ್ಥ. ಮೊದಲು ನೀರು ನೋಡಿ. ಬುಡದ ಬಳಿ ನಾಲ್ಕು ಅಂಗುಲ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ: ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಒಡೆಯುವಂತಿದ್ದರೆ ಹದವಾಗಿದೆ, ಉಂಡೆಯೇ ಕಟ್ಟದಿದ್ದರೆ ಒಣಗಿದೆ, ನೀರು ಜಿನುಗಿದರೆ ಹೆಚ್ಚಾಗಿದೆ. ಡಿಸೆಂಬರಿನಿಂದ ಫೆಬ್ರುವರಿಯ ತನಕ ಒಣಗಿದ ಮಣ್ಣಿನ ಮೇಲೆ ಹರಡಿದ ಗೊಬ್ಬರ ಮಲಗಿಯೇ ಇರುತ್ತದೆ.

ಹೀಗೆ ಒಣಗಿ ಕುಳಿತ ಮಣ್ಣಿಗೆ ಮಾರ್ಚ್, ಏಪ್ರಿಲಿನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದಾಗ ಏನಾಗುತ್ತದೆ ಎಂಬುದು ಕಾಫಿ ಬೆಳೆಗಾರರು ತಿಳಿಯಲೇಬೇಕಾದ ಸಂಗತಿ. ಒಣ ಮಣ್ಣು ಮತ್ತೆ ನೆನೆದ ಕೂಡಲೇ ಸೂಕ್ಷ್ಮಜೀವಿಗಳ ಚಟುವಟಿಕೆ ಒಮ್ಮೆಲೇ ಏರಿ, ಕೆಲವೇ ದಿನಗಳಲ್ಲಿ ಸಾರಜನಕದ ಒಂದು ಅಲೆ ಹೊರಬರುತ್ತದೆ. ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ಅಭ್ಯಸಿಸಿ 1958ರಲ್ಲಿ ವಿವರಿಸಿದ ವಿಜ್ಞಾನಿಯ ಹೆಸರಿನಿಂದ ಇದಕ್ಕೆ ಬರ್ಚ್ ಪರಿಣಾಮ ಎನ್ನುತ್ತಾರೆ. ಹೂಮಳೆಯ ನಂತರ ಗಿಡಗಳು ಗೊಬ್ಬರವಿಲ್ಲದೆಯೂ ಹಸಿರಾಗುವುದರಲ್ಲಿ ನೀರಿನ ಜೊತೆಗೆ ಈ ಅಲೆಯ ಪಾಲೂ ಇದೆ. ಆ ಹಸಿರನ್ನು ಮೊನ್ನೆ ಹಾಕಿದ ಗೊಬ್ಬರದ ಫಲವೆಂದು ಎಣಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ತೇವ ಸರಿಯಿದ್ದರೆ ಮುಂದಿನದು ಮಣ್ಣಿನ ರಸಸಾರ, ಎಂದರೆ ಹುಳಿ, ಕ್ಷಾರಗಳ ಅಳತೆ (ಪಿಎಚ್). ನಮ್ಮ ಮಣ್ಣು ಸ್ವಭಾವತಃ ಹುಳಿ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಸಾವಯವ ವಸ್ತು ಕಳಿಯುವುದು ನಿಧಾನವಾಗುತ್ತದೆ, ಅದಕ್ಕಿಂತಲೂ ಹೆಚ್ಚಾಗಿ ಅಮೋನಿಯಂ ನೈಟ್ರೇಟ್ ಆಗುವ ಹಂತ ಕುಂಟುತ್ತದೆ. ಕಾಫಿಗೆ 6ರಿಂದ 6.5 ಹಿತ. ರಸಸಾರ ತೋರಿಸುವ ಬಣ್ಣದ ಕಾಗದ ಅಂದಾಜಿಗೆ ಸಾಕು, ಆದರೆ ಸುಣ್ಣದ ಪ್ರಮಾಣ ನಿರ್ಧರಿಸಲು ಪ್ರಯೋಗಾಲಯದ ಅಂಕಿಯೇ ಬೇಕು. ಸುಣ್ಣ ಎರಚುವವರು ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇಲ್ಲದೆ ಕೆಲಸಕ್ಕೆ ಇಳಿಯಬಾರದು.

ಚಳಿಯೂ ಒಂದು ಕಾರಣ. ತಾಪಮಾನ ಹತ್ತು ಡಿಗ್ರಿ ಇಳಿದರೆ ಬಿಡುಗಡೆಯ ವೇಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಎತ್ತರದ, ದಟ್ಟ ನೆರಳಿನ ಅರೇಬಿಕಾ ತೋಟದಲ್ಲಿ ಡಿಸೆಂಬರಿನ ಗೊಬ್ಬರ ಕುಶಾಲನಗರದ ಬಯಲಿನಷ್ಟು ಬೇಗ ಕಳಿಯುವುದಿಲ್ಲ. ಇದಕ್ಕೆ ಕಾಯುವುದಲ್ಲದೆ ಬೇರೆ ಪರಿಹಾರವಿಲ್ಲ.

ಲಕ್ಷಣ: ಮೇ ತಿಂಗಳಲ್ಲಿ ಹಸಿರಾದ ಗಿಡ ಕಕ್ಕಡದ (ಜುಲೈ, ಆಗಸ್ಟ್) ಹೊತ್ತಿಗೆ ಮತ್ತೆ ಹಳದಿಯಾಗುತ್ತದೆ

ಗೊಬ್ಬರ ಸರಿಯಾಗಿಯೇ ಬಿಡುಗಡೆಯಾಗಿದೆ, ಆದರೆ ಬಿಡುಗಡೆಯಾದದ್ದು ಉಳಿದಿಲ್ಲ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿದ್ದು, ಅವುಗಳ ಪರಿಹಾರವೂ ಬೇರೆ.

ಇಳಿಜಾರಿನ, ನೀರು ಬಸಿಯುವ ಜಾಗದಲ್ಲಿ ನೈಟ್ರೇಟ್ ಮಳೆ ನೀರಿನೊಂದಿಗೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ತಗ್ಗಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ, ಮಣ್ಣಿನೊಳಗೆ ಗಾಳಿ ಇಲ್ಲದಾದಾಗ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ ಸಾರಜನಕವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ಹಸಿ ಗೊಬ್ಬರ ಅಲ್ಲಿದ್ದರೆ ಈ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಗೊಬ್ಬರದ ಇಂಗಾಲ ಅವುಗಳಿಗೆ ಆಹಾರ. ಯಾವುದು ನಿಮ್ಮಲ್ಲಿ ನಡೆದಿದೆ ಎಂದು ತಿಳಿಯಲು ಒಂದಡಿ ಗುಂಡಿ ತೋಡಿ. ಮಣ್ಣು ಕೆಂಪಾಗಿ, ಪುಡಿಯಾಗಿ ಇದ್ದರೆ ನೈಟ್ರೇಟ್ ಕೊಚ್ಚಿಹೋಗಿದೆ. ಬೂದು ಅಥವಾ ನೀಲಿ ಛಾಯೆ, ತುಕ್ಕಿನ ಚುಕ್ಕೆ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ನೀರು ನಿಂತಿದೆ. ಮೊದಲನೆಯದಕ್ಕೆ ಉತ್ತರ ಗೊಬ್ಬರ ಹಾಕುವ ಕಾಲ. ಎರಡನೆಯದಕ್ಕೆ ಉತ್ತರ ಬಸಿಗಾಲುವೆ.

ಕಾಲದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದುದು. ಬೇಗ ಬಿಡುಗಡೆಯಾಗುವ ಕೋಳಿ ಗೊಬ್ಬರವನ್ನೂ ದ್ರವರೂಪದ ಸಗಣಿ ಗೊಬ್ಬರವಾದ ಸ್ಲರಿಯನ್ನೂ ಜೂನ್, ಜುಲೈನಲ್ಲಿ ಹಾಕುವುದು ಕಾವೇರಿಗೆ ಗೊಬ್ಬರ ಕೊಟ್ಟಂತೆ. ಹೂಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಒಂದು ಪಾಲು, ಮಳೆ ಇಳಿಮುಖವಾಗಿ ಬೇರು ಮತ್ತೆ ಚುರುಕಾಗುವ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನಲ್ಲಿ ಇನ್ನೊಂದು ಪಾಲು ಎಂದು ಹಂಚಿದರೆ ಅದೇ ಗೊಬ್ಬರ ಹೆಚ್ಚು ಕೆಲಸ ಮಾಡುತ್ತದೆ. ಮಳೆ ಹೆಚ್ಚು ಸುರಿಯುವ ಭಾಗಮಂಡಲದ ಕಡೆಯವರು ಈ ಮಾತನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕು. ಮಳೆ ಕಡಿಮೆಯಿರುವ ಸೋಮವಾರಪೇಟೆಯ ಪೂರ್ವದ, ಕುಶಾಲನಗರದ ಕಡೆಯ ತೋಟಗಳಿಗೆ ಸ್ವಲ್ಪ ಸಡಿಲವಿದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನಿಧಾನದ್ದಾದ್ದರಿಂದ ಅದಕ್ಕೆ ಮಳೆಯ ಭಯ ಕಡಿಮೆ. ಇಳಿಜಾರಿಗೆ ಅಡ್ಡಲಾಗಿ ತೋಡುವ ತೊಟ್ಟಿಲು ಗುಂಡಿಗಳು ಹರಿಯುವ ಮಣ್ಣನ್ನೂ ತರಗೆಲೆಯನ್ನೂ ತಡೆದು ಹಿಡಿಯುತ್ತವೆ. ಆದರೆ 2018ರ ಆಗಸ್ಟಿನ ಭೂಕುಸಿತದ ವೇಳೆ ಬಿರುಕು ಬಿಟ್ಟ ಇಳಿಜಾರುಗಳಲ್ಲಿ ನೀರು ಇಂಗಿಸುವ ಹೊಸ ಗುಂಡಿಗಳನ್ನು ತೋಡುವ ಮುನ್ನ ತಜ್ಞರನ್ನು ಕೇಳಲೇಬೇಕು.

ತಿಪ್ಪೆಯೋ ಹಂದಿಗೂಡೋ ಬಾವಿಯ ಮೇಲ್ಭಾಗದಲ್ಲಿದ್ದರೆ ಕೊಚ್ಚಿಹೋದ ನೈಟ್ರೇಟ್ ಬಾವಿಗೂ ಬರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮನೆಯಲ್ಲಿ ಆರು ತಿಂಗಳೊಳಗಿನ ಮಗುವಿಗೆ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡುತ್ತಿದ್ದರೆ ಆ ನೀರಿನ ನೈಟ್ರೇಟ್ ಪರೀಕ್ಷೆಯನ್ನು ಮುಂದೂಡಬೇಡಿ. ಮಗುವಿನ ತುಟಿ, ಉಗುರು ನೀಲಿಗಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಲಕ್ಷಣ: ಎಲೆಯ ಅಂಚು ಸುಟ್ಟಿದೆ, ಸಸಿ ಬಾಡಿದೆ, ಬೀಜ ಮೊಳೆಯುತ್ತಿಲ್ಲ

ಇದು ಕೊರತೆಯಲ್ಲ, ಒಮ್ಮೆಲೇ ಬಂದ ಹೆಚ್ಚಳ. ಹಸಿ ಕೋಳಿ ಗೊಬ್ಬರದಲ್ಲಿ ಯೂರಿಕ್ ಆಮ್ಲ ಒಡೆದು ಬರುವ ಅಮೋನಿಯಾ, ಜೊತೆಗೆ ಲವಣಗಳು, ಎಳೆಯ ಬೇರನ್ನು ಸುಡುತ್ತವೆ. ನರ್ಸರಿಯಲ್ಲಿ ಇದು ಹೆಚ್ಚು. ಕಾಫಿ ಸಸಿಯ ಚೀಲಕ್ಕೆ ಕಾಡುಮಣ್ಣು ಆರು, ಜರಡಿ ಹಿಡಿದ ಕಳಿತ ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು ಪಾಲು ಎಂಬುದು ವಾಡಿಕೆಯ ಮಿಶ್ರಣ. ಅಲ್ಲಿ ಕೊಟ್ಟಿಗೆ ಗೊಬ್ಬರದ ಬದಲು ಅಷ್ಟೇ ಕೋಳಿ ಗೊಬ್ಬರ ಹಾಕಿದರೆ ಸಸಿ ಉಳಿಯುವುದು ಕಷ್ಟ.

ಬಳಸುವ ಮೊದಲೇ ತಿಳಿಯಲು ಎರಡು ತೆಂಗಿನ ಚಿಪ್ಪು ಸಾಕು. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ, ತಲಾ ಹತ್ತು ಹೆಸರುಕಾಳು ಬಿತ್ತಿ. ಒಂದು ವಾರದಲ್ಲಿ ಎರಡರಲ್ಲೂ ಸಮನಾಗಿ ಮೊಳೆತರೆ ಅಂಜಿಕೆಯಿಲ್ಲ. ಗೊಬ್ಬರದ ಚಿಪ್ಪಿನಲ್ಲಿ ಮೊಳಕೆ ಕಡಿಮೆಯಿದ್ದರೆ ಅಥವಾ ಬೇರಿನ ತುದಿ ಕಂದಾಗಿದ್ದರೆ ಇನ್ನೂ ಒಂದೂವರೆ, ಎರಡು ತಿಂಗಳು ಕಳಿಯಲು ಬಿಡಿ. ತೋಟದಲ್ಲಿ ಈಗಾಗಲೇ ಸುಟ್ಟಿದ್ದರೆ ಕಾಂಡದಿಂದ ಒಂದು ಗೇಣು ದೂರಕ್ಕೆ ಗೊಬ್ಬರವನ್ನು ಸರಿಸಿ, ಮಣ್ಣು ಒಣಗಿದ್ದರೆ ಚೆನ್ನಾಗಿ ನೀರು ಕೊಟ್ಟು, ಹೊಸ ಚಿಗುರು ಬರುವವರೆಗೆ ಬೇರಾವ ಗೊಬ್ಬರವನ್ನೂ ಹಾಕದಿರಿ.

ಲಕ್ಷಣ: ಗದ್ದೆಯಲ್ಲಿ ಗುಳ್ಳೆ ಏಳುತ್ತದೆ, ಪೈರಿನ ಬೇರು ಕಪ್ಪಾಗಿದೆ

ನೀರು ನಿಂತ ಗದ್ದೆಯ ನಿಯಮ ತೋಟದ ನಿಯಮಕ್ಕೆ ತಿರುವುಮುರುವು. ಇಲ್ಲಿ ಅಮೋನಿಯಂ ಉಳಿಯುತ್ತದೆ, ನೈಟ್ರೇಟ್ ಹಾಳಾಗುತ್ತದೆ. ಮಾರ್ಚಿನಲ್ಲೇ ಗದ್ದೆಗೆ ಗೊಬ್ಬರ ಹರಡಿ ಬಿಟ್ಟರೆ ಮೇ ತಿಂಗಳ ಮಳೆಗೆ ಅದು ನೈಟ್ರೇಟ್ ಆಗಿ, ನಾಟಿಗೆಂದು ನೀರು ಕಟ್ಟಿದಾಗ ಅನಿಲವಾಗಿ ಹೋಗುತ್ತದೆ. ಕಳಿತ ಗೊಬ್ಬರವನ್ನು ಕೆಸರು ಉಳುಮೆಗೆ ಹತ್ತಿರದಲ್ಲಿ ಹರಡಿ, ಹರಡಿದ ಕೂಡಲೇ ಉಳುವುದು ಮೇಲು.

ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಬೇರು ಇವು ಕಳಿಯದ ಗೊಬ್ಬರ ನೀರಿನಡಿಯಲ್ಲಿ ಕೊಳೆಯುತ್ತಿರುವುದರ ಗುರುತು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಬೇರಿಗೆ ವಿಷ. ನೀರನ್ನು ಹೊರಬಿಟ್ಟು ಮೂರು ನಾಲ್ಕು ದಿನ ಗದ್ದೆಗೆ ಗಾಳಿಯಾಡಿಸಿ, ಬಿಳಿಯ ಹೊಸ ಬೇರು ಕಂಡ ಮೇಲೆ ನೀರು ಕಟ್ಟಿ. ಇದನ್ನು ಒಂದೇ ಸಲ ಮಾಡಬೇಕು. ಒಣಗಿಸುವುದು, ನೆನೆಸುವುದು ಪದೇ ಪದೇ ನಡೆದರೆ ಪ್ರತಿ ಸಲವೂ ಸಾರಜನಕದ ಒಂದು ಪಾಲು ಹೋಗುತ್ತದೆ. ಪೈರಿನ ಹಸಿರನ್ನು ಅಳೆಯಲು ಹಸಿರಿನ ಛಾಯೆಗಳಿರುವ ಎಲೆ ಬಣ್ಣದ ಪಟ್ಟಿ ಬಳಸಿದರೆ ಕಣ್ಣಂದಾಜಿಗಿಂತ ನಂಬಬಹುದು.

ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೂ ಪೈರು ಅತಿ ಕಪ್ಪು ಹಸಿರಾಗಿ, ಮೃದುವಾಗಿ ಬೆಳೆಯುತ್ತಲೇ ಇದ್ದರೆ ಗೊಬ್ಬರ ತಡವಾಗಿ ಬಿಡುಗಡೆಯಾಗುತ್ತಿದೆ. ಬೆಂಕಿ ರೋಗಕ್ಕೂ ಸುಗ್ಗಿ ಹಬ್ಬವಾದ ಹುತ್ತರಿಗೆ ಮುಂಚೆ ಪೈರು ನೆಲಕ್ಕೊರಗುವುದಕ್ಕೂ ಇದು ದಾರಿ. ಮೇಲುಗೊಬ್ಬರವನ್ನು ನಿಲ್ಲಿಸಿ, ಮುಂದಿನ ವರ್ಷ ಗೊಬ್ಬರದ ಪ್ರಮಾಣ ಇಳಿಸಿ.

ಎಚ್ಚರಿಕೆ: ಇಲ್ಲಿ ಪರೀಕ್ಷೆಗೆ ಇಳಿಯಬೇಡಿ

ಸ್ಲರಿ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ, ಮುಚ್ಚಿದ ಗಂಜಲದ ತೊಟ್ಟಿ, ಇವುಗಳೊಳಗೆ ಯಾವ ಕಾರಣಕ್ಕೂ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲವೆಂಬುದು ಅಪಾಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಒಬ್ಬರು ಬಿದ್ದಾಗ ಎತ್ತಲು ಇಳಿದ ಎರಡನೆಯವರೂ ಮೂರನೆಯವರೂ ಸಾಯುವುದು ಇಂತಹ ಗುಂಡಿಗಳಲ್ಲಿ ನಡೆಯುವ ದುರಂತದ ರೀತಿ. ಯಾರಾದರೂ ಒಳಗೆ ಬಿದ್ದರೆ 112ಕ್ಕೆ ಕರೆಮಾಡಿ, ನೀವು ಇಳಿಯಬೇಡಿ. ಸ್ಲರಿ ಕಲಕುವಾಗ ಅನಿಲ ಒಮ್ಮೆಲೇ ಹೊರಬರುವುದರಿಂದ ಮಕ್ಕಳನ್ನೂ ದನಗಳನ್ನೂ ದೂರವಿಡಿ, ಗ್ಯಾಸ್ ತೊಟ್ಟಿಯ ಹತ್ತಿರ ಬೆಂಕಿ ಬೇಡ.

ಗೊಬ್ಬರ ಹೊರುವ ಕೆಲಸದವರಿಗೆ ಕೈಗವಸು, ಗಂಬೂಟು ಕೊಡಿ. ಕೈಕಾಲಿನ ಗಾಯಕ್ಕೆ ಸಗಣಿ ತಾಗಿದರೆ ಧನುರ್ವಾಯುವಿನ ಅಪಾಯವಿದೆ. ಚುಚ್ಚುಮದ್ದು ಹಾಕಿಸಿದ್ದು ಯಾವಾಗ ಎಂದು ವಿಚಾರಿಸಿ. ಮಳೆಗಾಲದಲ್ಲಿ ಗೊಬ್ಬರದ ಗುಂಡಿಯಲ್ಲೋ ಗದ್ದೆಯಲ್ಲೋ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿ ಜ್ವರವಿರಬಹುದು. ವೈದ್ಯರಿಗೆ ಮಾಡಿದ ಕೆಲಸವನ್ನೂ ತಿಳಿಸಿ.

ಇಷ್ಟೆಲ್ಲ ನೋಡಿದರೂ ಉತ್ತರ ಸಿಗದಿದ್ದರೆ

ಐದು ಗಿಡದ ಪರೀಕ್ಷೆ ವಿಫಲವಾದಾಗ, ತೋಟದ ಒಂದು ಭಾಗ ಮಾತ್ರ ವರ್ಷದಿಂದ ವರ್ಷಕ್ಕೆ ಹಿಂದೆ ಬೀಳುತ್ತಿರುವಾಗ, ಅಥವಾ ಸುಣ್ಣದ ಪ್ರಮಾಣ ನಿರ್ಧರಿಸಬೇಕಾದಾಗ ಮಣ್ಣು ಪರೀಕ್ಷೆ ಮಾಡಿಸಬೇಕು. ಕಾಫಿಗೆ ಚೆಟ್ಟಳ್ಳಿಯಲ್ಲಿರುವ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ, ಏಲಕ್ಕಿ ಮತ್ತು ಮೆಣಸಿಗೆ ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಉಳಿದವಕ್ಕೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿ.

ವರದಿ ಬಂದಾಗ ಒಂದು ಅಂಶವನ್ನು ಗಮನವಿಟ್ಟು ಓದಿ. ಸಾವಯವ ಇಂಗಾಲ ಶೇ. 0.75ಕ್ಕಿಂತ ಹೆಚ್ಚಿದ್ದರೆ "ಅಧಿಕ" ಎಂದು ಬರೆದಿರುತ್ತದೆ, ನೆರಳಿನ ಕಾಫಿ ತೋಟಗಳಲ್ಲಿ ಹಾಗೆ ಬರುವುದು ಸಾಮಾನ್ಯ. ಅದು ಉಗ್ರಾಣದಲ್ಲಿ ಎಷ್ಟಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಈ ತಿಂಗಳು ಎಷ್ಟು ಹೊರಬರುತ್ತದೆ ಎಂಬುದನ್ನಲ್ಲ. ಲಭ್ಯ ಸಾರಜನಕ ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ, 560ಕ್ಕಿಂತ ಮೇಲಿದ್ದರೆ ಅಧಿಕ ಎಂದು ಲೆಕ್ಕ. ಇಂಗಾಲ ಅಧಿಕವಾಗಿದ್ದು ರಸಸಾರ 5ರ ಹತ್ತಿರವಿದ್ದರೆ ಇನ್ನೊಂದು ಲೋಡು ಗೊಬ್ಬರ ತರುವ ಮೊದಲು ಸುಣ್ಣದ ಬಗ್ಗೆ ಕೇಳಿ.

ಮಾದರಿ ತೆಗೆಯುವಾಗ ತರಗೆಲೆಯನ್ನು ಸರಿಸಿ, ಒಂದೇ ಬಗೆಯ ಮಣ್ಣಿರುವ ಬ್ಲಾಕಿನ ಎಂಟು ಹತ್ತು ಕಡೆಗಳಿಂದ, ಗಿಡದ ರೆಕ್ಕೆಯ ವೃತ್ತದೊಳಗೆ, ಒಂಬತ್ತು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆಯಿರಿ. ಗೊಬ್ಬರವನ್ನೋ ಸುಣ್ಣವನ್ನೋ ಹಾಕಿ ಎರಡು ಮೂರು ತಿಂಗಳು ಕಳೆದಿರಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತ ಬಂದು, ಅರ್ಧ ಕಿಲೋ ಉಳಿದಾಗ ನೆರಳಿನಲ್ಲಿ ಒಣಗಿಸಿ ಶುಭ್ರ ಬಟ್ಟೆಯ ಚೀಲದಲ್ಲಿ ತುಂಬಿ. ಗೊಬ್ಬರದ ಖಾಲಿ ಚೀಲ ಬೇಡ. ಚೀಲದೊಂದಿಗೆ ಒಂದು ಚೀಟಿಯಲ್ಲಿ ಯಾವ ಗೊಬ್ಬರ, ಎಷ್ಟು, ಯಾವ ತಿಂಗಳಲ್ಲಿ, ಕಳಿತದ್ದೋ ಹಸಿಯೋ, ಹಾಕಿದ ಮರುವಾರ ಮಳೆ ಹೇಗಿತ್ತು, ಹಳದಿ ಮೊದಲು ಕಂಡದ್ದು ಯಾವ ಎಲೆಯಲ್ಲಿ ಎಂಬುದನ್ನು ಬರೆದು ಕೊಡಿ. ಅಲ್ಲಿಯ ವಿಜ್ಞಾನಿ ಅಂಕಿಗಳನ್ನು ಆ ಚೀಟಿಯೊಂದಿಗೆ ಇಟ್ಟು ಓದಿದಾಗ ಮಾತ್ರ ನಿಮ್ಮ ತೋಟಕ್ಕೆ ತಕ್ಕ ಸಲಹೆ ಕೊಡಲು ಸಾಧ್ಯ.